ನಾನು ಯುದ್ಧಕ್ಕೆ ಕಳಿಸಿದ ದಾದಾಪೀರ್ ಸಾಹೇಬರು

“ನಮ್ಮಜ್ಜ ಜೀವಮಾನದಾಗೆ ಒಂದು ಕೋಳಿ ಕುಯ್ದೋರಲ್ಲ, ಲಕ್ಷ್ಮೀಕಾಂತಪ್ಪ. ನೀನು ನೋಡಿದ್ರೆ ಹೊಳಲ್ಕೆರೆ ಭಾಷಣದಾಗೆ ಅವರು ನೂರು ಜನರ ತಲೆ ಹಾರಿಸಿದ್ರು ಅಂದಿದ್ದೀಯಂತೆ?”

ಅಕ್ತರ್ ಬೀ ಹೀಗೆ ಕೇಳಿದಾಗ ನಾನು ಅವರ ನಡುಮನೆಯಲ್ಲಿ ಕುಳಿತು ಅವರದೇ ಚಹಾ ಕುಡಿಯುತ್ತಿದ್ದೆ. ಎಂಬತ್ತೆರಡು ದಾಟಿದ ಜೀವ. ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯುತ್ತಾರೆ. ನಾನು ಹೊಳಲ್ಕೆರೆಯಲ್ಲಿ ಆಡಿದ ಮಾತು ಮಾತ್ರ ಮೂರೇ ದಿನಕ್ಕೆ ಅವರ ಕಿವಿಗೆ ಬಂದು ಮುಟ್ಟಿತ್ತು.

“ನೂರು ಅಂದಿಲ್ಲಮ್ಮ. ಸುಮಾರು ನೂರು ಅಂದೆ.”

“ಸುಮಾರು ಕೋಳಿನೂ ಕುಯ್ದೋರಲ್ಲಪ್ಪ ಅವರು.”

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ದುರ್ಗದಲ್ಲಿ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು, ಎರಡು ಸಲವೂ ಸಮಾಜ ವಿಜ್ಞಾನದಲ್ಲೇ ಡುಮ್ಕಿ ಹೊಡೆದವನು. ಆಮೇಲೆ ಕಟ್ಟು ಹಾಕಿಸಲು ಬಂದವರ ಅಜ್ಜ ಮುತ್ತಜ್ಜರ ಕಥೆ ಕೇಳುತ್ತಾ ಕೇಳುತ್ತಾ ಇತಿಹಾಸದ ಹುಚ್ಚು ಹತ್ತಿತು. ಅಂಗಡಿ ಬೋರ್ಡಿನ ಮೇಲೆ ‘ಇತಿಹಾಸ ಸಂಶೋಧಕರು’ ಅಂತ ಬರೆದವನು ನಾನೇ. ಕೊನೆಗೆ ಬಹುವಚನ ಸೇರಿಸಿದವನೂ ನಾನೇ.

ಅಕ್ತರ್ ಬೀಯ ಮಗ ರೌಫ್ ನನ್ನ ಚಡ್ಡಿ ದೋಸ್ತ್. ಚಾಕು ಕುಡುಗೋಲಿಗೆ ಸಾಣೆ ಹಿಡಿಯುವುದು, ತಾಮ್ರದ ಪಾತ್ರೆಗೆ ಕಲಾಯಿ ಹಾಕುವುದು ಅವನ ಕಸುಬು. ಅವರ ಮನೆಯ ಕಬ್ಬಿಣದ ಟ್ರಂಕಿನಲ್ಲಿ ಒಂದು ಖಡ್ಗವಿದೆ. ಹಿಡಿಗೆ ಚಿನ್ನದ ನೀರು ಹಾಕಿದ ಸಿಂಹದ ತಲೆ, ಸಿಂಹದ ಕಣ್ಣಿಗೆ ಎರಡು ಕೆಂಪು ಹರಳು, ಅಲಗಿನ ಉದ್ದಕ್ಕೂ ಹೂಬಳ್ಳಿ, ಒರೆಗೆ ಮಖಮಲ್ಲು. ಒರೆಯ ಬಾಯಿಯ ಹತ್ತಿರ ಒಂದು ಬೆಳ್ಳಿ ತಗಡು. ಅದರ ಮೇಲೆ ಇಂಗ್ಲಿಷಿನಲ್ಲಿ, ‘ದಾದಾಪೀರ್ ಸಾಹೇಬರಿಗೆ, ಕುದುರೆ ಪಟಾಲಮಿನ ಅಧಿಕಾರಿಗಳ ಕಾಣಿಕೆ, 1908’ ಎಂದು ಕೊರೆದಿದೆ. ಸಾಹೇಬರು ಅಂದರೆ ಅಕ್ತರ್ ಬೀಯ ಅಜ್ಜ. ಕೆಳಗೆ ಇನ್ನೂ ಒಂದಿಷ್ಟು ಕೊರೆದದ್ದು ಇತ್ತು. ಆದರೆ ಅದು ಕಪ್ಪಗೆ ಗಟ್ಟಿಯಾಗಿ ಮುಚ್ಚಿಹೋಗಿತ್ತು. ನನ್ನಂಥವನಿಗೆ ಅಷ್ಟು ಸಾಕಾಯಿತು. ಖಡ್ಗ ಇದೆ ಅಂದ ಮೇಲೆ ಯುದ್ಧ ಇರಲೇಬೇಕು, ಯುದ್ಧ ಅಂದ ಮೇಲೆ ಹೆಣ ಬೀಳಲೇಬೇಕು.

ಹಿರಿಯೂರಿನಲ್ಲಿ ಈ ಖಡ್ಗದ ಮೇಲೆ ನನ್ನ ಮೊದಲ ಭಾಷಣ. ಅಲ್ಲಿ ಸಾಹೇಬರು ಹನ್ನೆರಡು ಜನರನ್ನು ಕೊಂದರು. ಹೊಸದುರ್ಗದಲ್ಲಿ ಮಧ್ಯದಲ್ಲೇ ಚಪ್ಪಾಳೆ ಬಿತ್ತು, ಹಾಗಾಗಿ ನಲವತ್ತು. ಹೊಳಲ್ಕೆರೆಯಲ್ಲಿ ಶಾಲು ಹೊದಿಸಿದರು. ಶಾಲು ಹೊದ್ದ ಮೇಲೆ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಭಾನುವಾರ ಇಲ್ಲೇ ಊರಾಗೆ ಭಾಷಣ ಐತಂತಲ್ಲ, ನಾನೂ ಬರ್ತೀನಿ,” ಅಂದರು ಅಕ್ತರ್ ಬೀ. “ಅಜ್ಜ ಸಾಲೋತ್ರಿ ಆಗಿದ್ರು. ಪಟಾಲಮಿನ ಕುದುರೆಗಳಿಗೆ ಔಷಧಿ ಮಾಡೋರು. ಅದನ್ನ ಹೇಳು. ಅವರನ್ನ ಕಣ್ಣಾರೆ ಕಂಡೋಳು ಅಂತ ಉಳಿದಿರೋದು ನಾನೊಬ್ಬಳೇ. ನಾನು ಹೋದ್ಮ್ಯಾಲೆ ನೀನು ಹೇಳಿದ್ದೇ ಉಳಿಯೋದು.”

ನಾನು ಕನ್ನಡಕ ಸರಿಮಾಡಿಕೊಂಡು, ದೊಡ್ಡ ಸಂಶೋಧಕನ ಗತ್ತಿನಲ್ಲಿ ಹೇಳಿದೆ, “ಅಮ್ಮಾ, ಕುದುರೆ ಡಾಕ್ಟರಿಗೆ ಯಾರಾದ್ರೂ ಖಡ್ಗ ಕೊಡ್ತಾರಾ? ಇತಿಹಾಸಕ್ಕೆ ದಾಖಲೆ ಬೇಕು.”

“ಅವರ ಹತ್ರ ಇದ್ದಿದ್ದೇ ಖಡ್ಗ, ಅದನ್ನೇ ಕೊಟ್ರು. ನಮ್ಮಜ್ಜಿ ಬೈದಿದ್ರಂತೆ, ಇದರ ಬದ್ಲು ಒಂದು ಎಮ್ಮೆ ಕೊಟ್ಟಿದ್ರೆ ಹಾಲಾದ್ರೂ ಆಗ್ತಿತ್ತು ಅಂತ.”

ಬಾಗಿಲಲ್ಲಿ ನಿಂತಿದ್ದ ರೌಫ್ ಒಳಗೆ ಹೋದ. ಖಡ್ಗದ ಒರೆ, ಒಂದು ಉಂಡೆ ಹುಣಸೆಹಣ್ಣು, ಒಂದು ಚಿಂದಿ ಬಟ್ಟೆ ತಂದು ನನ್ನೆದುರೇ ಕೂತ. ಬೆಳ್ಳಿ ತಗಡಿನ ಮೇಲೆ ಹುಣಸೆಹಣ್ಣು ಮೆತ್ತಿ, ಕಲಾಯಿ ಹಾಕುವ ಪಾತ್ರೆ ಉಜ್ಜುವ ಹಾಗೆ ನಿಧಾನಕ್ಕೆ ಉಜ್ಜತೊಡಗಿದ. ಕಪ್ಪು ಬಿಡುತ್ತಾ ಬಿಡುತ್ತಾ ಕೆಂಪಾಯಿತು. ಬಟ್ಟೆಯೆಲ್ಲ ಕೆಂಪು.

“ನೋಡ್ರಿ, ರಕ್ತ!” ಅಂದೆ.

“ರಕ್ತ ಅಲ್ಲ ಕಣಲೇ, ನಿನ್ನ ಕುಂಕುಮ.”

ನಿಜ. ಇಪ್ಪತ್ತು ವರ್ಷದಿಂದ ಆಯುಧ ಪೂಜೆಗೆ ಆ ಖಡ್ಗವನ್ನು ಬೇಡಿ ಒಯ್ಯುತ್ತಿದ್ದವನು ನಾನೇ. ನನ್ನ ಅಂಗಡಿಯಲ್ಲಿರುವ ಆಯುಧ ಅಂದರೆ ಗಾಜು ಕೊಯ್ಯುವ ವಜ್ರದ ಪೆನ್ನು ಮತ್ತು ಒಂದು ಸುತ್ತಿಗೆ. ಪೂಜೆಗೆ ಕಳೆ ಬರಲಿ ಅಂತ ರೌಫನ ಖಡ್ಗ ನಡುವೆ ಇಟ್ಟು, ಎಣ್ಣೆ ಸವರಿ, ಆ ಬೆಳ್ಳಿ ತಗಡಿನ ಕೆಳಗಿನ ಅರ್ಧಕ್ಕೇ ಗುರಿಯಿಟ್ಟು ಧಾರಾಳವಾಗಿ ಕುಂಕುಮ ಬಳಿಯುತ್ತಿದ್ದೆ. ಇಪ್ಪತ್ತು ಪೂಜೆಯ ಎಣ್ಣೆ, ಇಪ್ಪತ್ತು ಪೂಜೆಯ ಕುಂಕುಮ. ನನ್ನ ದಾಖಲೆಯನ್ನು ಮುಚ್ಚಿದ್ದು ನನ್ನದೇ ಭಕ್ತಿ.

ರೌಫನ ಮಗಳು ಮಾಹೀರಾ ಹೈಸ್ಕೂಲು ಟೀಚರು. ಅವಳು ಬಂದು ತಗಡನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿ, ಅರ್ಥ ಹೇಳಿದಳು. “ನಮ್ಮ ಇನ್ನೂರ ಹನ್ನೊಂದು ಕುದುರೆಗಳ ಜೀವ ಉಳಿಸಿದ ಸಾಲೋತ್ರಿಗೆ, ಕೃತಜ್ಞತೆಯಿಂದ.”

ನಾನು ಕೊನೆಯ ಹುಲ್ಲುಕಡ್ಡಿ ಹಿಡಿದುಕೊಂಡೆ. “ಹಂಗಾದ್ರೆ ಅಲಗಿನ ಮೇಲೆ ಒಂದು ಮುಕ್ಕಾಗಿರೋ ಗುರುತು ಐತಲ್ಲ? ಅದು ಯುದ್ಧದಾಗೆ ಆಗಿದ್ದಲ್ವಾ?”

“ಅದು ಹೋದೋರ್ಷ ನಿನ್ನ ಬೂದುಗುಂಬಳಕಾಯಿ ಹೊಡಿಯೋವಾಗ ಹೊಸ್ತಿಲ ಕಲ್ಲಿಗೆ ಬಡಿದಿದ್ದು,” ಅಂದ ರೌಫ್. “ಕುಂಬಳಕಾಯಿನೂ ಹರೀಲಿಲ್ಲ ಆವತ್ತು. ನಾನು ಸಾಣೆ ಹಿಡಿಯೋನು ಹೇಳ್ತೀನಿ ಕೇಳು, ಈ ಅಲಗು ಹುಟ್ಟಿದಾಗಿಂದ ಸಾಣೆ ಕಂಡಿಲ್ಲ. ಇದು ನೋಡಕ್ಕೆ ಮಾಡಿದ್ದು, ಕಡಿಯಕ್ಕಲ್ಲ.”

ಆ ಕುಂಬಳಕಾಯಿ ಗಾಯದ ಬಗ್ಗೆ ನಾನು ಹೊಳಲ್ಕೆರೆಯಲ್ಲಿ ಏಳು ನಿಮಿಷ ಮಾತಾಡಿದ್ದೆ. ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡಿದ್ದರು.

ಇಷ್ಟಾದ ಮೇಲೂ ನನಗೆ ಬುದ್ಧಿ ಬಂತು ಅಂದುಕೊಳ್ಳಬೇಡಿ. ಭಾನುವಾರ ಬೆಳಿಗ್ಗೆ ಸಮುದಾಯ ಭವನಕ್ಕೆ ಹೋಗುವಾಗಲೂ ನನ್ನ ಜೇಬಿನಲ್ಲಿದ್ದದ್ದು ಹಳೆಯ ಭಾಷಣವೇ. ಹೊರಗೆ ಆಳೆತ್ತರದ ಬ್ಯಾನರು, ಅದರಲ್ಲಿ ಖಡ್ಗ ಸಣ್ಣದು, ನಾನು ದೊಡ್ಡವನು. ಒಳಗೆ ನೂರೈವತ್ತು ಜನ. ಎರಡೂ ಹೇಳಿದರಾಯಿತು, ಬೆಳಗಿನ ಹೊತ್ತು ಕುದುರೆ ಉಳಿಸಿದರು, ಸಂಜೆ ಹೊತ್ತು ಶತ್ರು ಕಡಿದರು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಬಂದಿದ್ದೆ.

ಅಧ್ಯಕ್ಷತೆ ನಿವೃತ್ತ ಮುಖ್ಯೋಪಾಧ್ಯಾಯ ತಿಮ್ಮರಾಯಪ್ಪನವರದು. ಮೈಕು ಕೈಗೆ ಬಂತು. “ಅದು ರಣರಂಗ!” ಅಂತ ಶುರು ಮಾಡಿದೆ. ಮೊದಲ ಸಾಲಿನಲ್ಲಿ ಅಕ್ತರ್ ಬೀ ಕೂತಿದ್ದರು. ಅವರು ಸಿಟ್ಟು ಮಾಡಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ಪಕ್ಕದಲ್ಲಿದ್ದ ರೌಫನ ಭುಜ ಹಿಡಿದು, ಎದ್ದು ಹೊರಟುಬಿಡಲು ನೋಡಿದರು. ಒಂದು ಸಲಕ್ಕೆ ಏಳಲಾಗಲಿಲ್ಲ. ಎರಡನೇ ಸಲ ಕುರ್ಚಿಯ ಕೈ ಹಿಡಿದರು.

“ಅಮ್ಮಾ, ಕುಂತ್ಕಳ್ರಿ,” ಅಂದೆ ಮೈಕಿನಲ್ಲೇ. “ರಣರಂಗ ಅಲ್ಲ. ಅದು ಲಾಯ. ಕುದುರೆ ಕಟ್ಟೋ ಲಾಯ.”

ಆಮೇಲೆ ಹೇಳಿದೆ. ಸಾಲೋತ್ರಿ, ಇನ್ನೂರ ಹನ್ನೊಂದು ಕುದುರೆ, ನನ್ನ ಕುಂಕುಮ, ನನ್ನ ಕುಂಬಳಕಾಯಿ, ಒಂದೂ ಬಿಡದೆ. ಹಿಂದಿನ ಸಾಲಿನಿಂದ ನಾಲ್ಕೈದು ಜನ ಎದ್ದು ಹೋದರು. ತಿಮ್ಮರಾಯಪ್ಪನವರು ತಮ್ಮ ಮುಂದಿದ್ದ ಮೈಕಿಗೆ ಬಗ್ಗಿದರು.

“ಏನ್ರಿ ಇದು? ಹೊಳಲ್ಕೆರೇಲಿ ನಾನೂ ಇದ್ದೆ. ನೂರು ಜನ ಸತ್ರು ಅಂದ್ರಿ. ಅವರನ್ನ ಕೊಂದೋರು ಯಾರು ಮತ್ತೆ?”

“ನಾನೇ ಸಾರ್.”

ಸಭೆ ಹೋ ಅಂತ ನಕ್ಕಿತು. ತಿಮ್ಮರಾಯಪ್ಪನವರು ನಗಲಿಲ್ಲ. ನಗು ಇಳಿದ ಮೇಲೆ ಕಂಬಕ್ಕೊರಗಿ ನಿಂತಿದ್ದ ಒಬ್ಬರು ಹೆಗಲ ಕಂಬಳಿ ಸರಿಮಾಡಿಕೊಂಡು ಕೈ ಎತ್ತಿದರು. ಹಿರೇಗುಂಟನೂರಿನ ಕರಿಸಿದ್ದಪ್ಪ, ಇನ್ನೂರು ಕುರಿಯ ಯಜಮಾನ. ಮಗಳ ಮದುವೆ ಫೋಟೋಕ್ಕೆ ನನ್ನಲ್ಲೇ ಕಟ್ಟು ಹಾಕಿಸಿದವರು.

“ಲಕ್ಷ್ಮೀಕಾಂತಣ್ಣ, ಯುದ್ಧದ್ದು ಬಿಡ್ರಿ. ಆ ಕುದುರೆಗಳಿಗೆ ಏನಾಗಿತ್ತು?”

“ಕಾಯಿಲೆ,” ಅಂದೆ.

“ಎಂಥಾ ಕಾಯಿಲೆ? ಏನು ಕೊಟ್ರು?”

ಚಿಕ್ಕಂದಿನಿಂದ ಆ ಮನೆಯ ಚಹಾ ಕುಡಿದೂ, ಒಂದು ಸಲವೂ ಅದನ್ನು ಕೇಳಿರಲಿಲ್ಲ.

“ಮೂಗು ಸುರಿಯೋದು!” ಅಕ್ತರ್ ಬೀ ಕೂತಲ್ಲಿಂದಲೇ ಕೂಗಿ ಹೇಳಿದರು. “ಅಜ್ಜ ಮೊದಲು ಔಷಧಿ ಕೊಡ್ಲಿಲ್ಲಪ್ಪ. ಎಲ್ಲಾ ಕುದುರೆನೂ ಒಂದೇ ತೊಟ್ಟಿ ನೀರು ಕುಡೀತಿದ್ವು, ಆ ತೊಟ್ಟಿ ಒಡೆಸಿದ್ರು. ಪಟಾಲಮಿನ ದೊಡ್ಡ ಸಾಹೇಬ ಕುಣಿದಾಡಿದ್ನಂತೆ. ಆಮೇಲೆ ಒಂದೊಂದಕ್ಕೂ ಬ್ಯಾರೆ ಬ್ಯಾರೆ ಬಕೀಟು.”

“ನಮ್ಮ ಕುರಿಗೂ ಹಂಗೇ ಸುರೀತೈತೆ, ಅವ್ವಾ. ಒಂದೇ ಬಾನಿ ನೀರು ನಮ್ಮವೂ.”

“ಡಾಕ್ಟರಿಗೆ ತೋರಿಸು ಮೊದಲು. ಅಲ್ಲೀತನಕ ಕಾಯಿಲೆ ಇರೋವನ್ನ ದೂರ ಕಟ್ಟು.”

“ಜೋರಾಗಿ ಹೇಳ್ರಿ, ಹಿಂದೆ ಕೇಳಲ್ಲ!” ಅಂತ ಯಾರೋ ಕೂಗಿದರು.

ಮೈಕಿನವನು ನನ್ನ ಕೈಯಿಂದ ಮೈಕು ತೆಗೆದುಕೊಂಡು ಕೆಳಗಿಳಿದ. ವೈರು ಮೊದಲ ಸಾಲಿನ ತನಕ ಮುಟ್ಟಲಿಲ್ಲ. ಮಾಹೀರಾ ಅಜ್ಜಿಯ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿ ವೇದಿಕೆಗೆ ಕರೆದುಕೊಂಡು ಬಂದಳು. ಹೊದಿಸಲು ತಂದಿದ್ದ ಶಾಲನ್ನು ತಿಮ್ಮರಾಯಪ್ಪನವರು ಯಾರಿಗೆ ಅಂತ ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡಿದ್ದರು. ನಾನು ಕೆಳಗಿಳಿದು ಅಕ್ತರ್ ಬೀ ಬಿಟ್ಟೆದ್ದ ಕುರ್ಚಿಗೆ ಹೋದೆ. ಅದರ ಮೇಲೆ ಅವರ ಎಲೆಅಡಿಕೆ ಚೀಲವಿತ್ತು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ.