ಏಳನೇ ಕಂಬದ ಚೀಟಿ

ಆರ್ಡಿತ್ ಕೋಲ್ಟರ್‌ಮನ್‌ಗೆ ಗಾರ್ಲಂಡ್ ಪ್ರುಯಿಟ್‌ನನ್ನು ಕಂಡರೆ ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಎಂದರೆ ಕಡಿಮೆಯಾಯಿತು. ಅವನು ಕೆಮ್ಮಿದರೂ ಅವಳಿಗೆ ಮೈ ಉರಿಯುತ್ತಿತ್ತು. ಮನೆಗಾಡಿಗಳಲ್ಲಿ ಬರುವವರು ತಂಗಲೆಂದು ಪುರಸಭೆಯವರು ಹೊಳೆಯ ಪಕ್ಕ ಮಾಡಿಟ್ಟ ಆ ಬಿಡಾರದಲ್ಲಿ ಇದ್ದದ್ದೇ ಹನ್ನೆರಡು ಜಾಗ. ಏಳನೆಯದು ಇವಳದು, ಎಂಟನೆಯದು ಅವನದು. ನಡುವೆ ಒಂದು ಮರ, ಒಂದು ನಲ್ಲಿ, ಮತ್ತೆ ಮುಗಿಯದ ಜಗಳ.

ಅವನು ಬಂದ ದಿನವೇ ಅವನ ಟ್ರೇಲರಿನಿಂದ, ಅಂದರೆ ಪಿಕಪ್ ಲಾರಿಗೆ ಕಟ್ಟಿ ಎಳೆಯುವ ಮನೆಯಿಂದ, ಪಾತ್ರೆ ತೊಳೆದ ನೀರು ಹರಿದು ಇವಳ ಬಾಗಿಲ ಚಾಪೆ ತೊಯ್ದಿತು. ಇವಳು ಸುಮ್ಮನಿರುವವಳಲ್ಲ.

"ಕೊಳವೆ ಜೋಡ್ಸೋಕೆ ಬರದೋನು ಟ್ರೇಲರ್ ಯಾಕಯ್ಯಾ ಇಟ್ಕೊಂಡಿದೀಯ? ಈ ಮನೆಗಾಡಿ ಕೊಳ್ಳೋಕೆ ಮುಂಚೆ ಹನ್ನೊಂದು ವರ್ಷ ಇಂಥದ್ದನ್ನೇ ಕಟ್ಕೊಂಡು ತಿರುಗಿದೀವಿ ನಾವು. ಒಂದು ತೊಟ್ಟು ಸೋರಿರ್ಲಿಲ್ಲ."

"ಹೌದಾ ತಾಯಿ? ಹಾಗಾದ್ರೆ ನಿನ್ನ ನಾಯಿ ಬಾಯಿಗೂ ಒಂದು ಬಿರಡೆ ಹಾಕೋದು ಕಲಿಬೇಕಿತ್ತು. ಅದಕ್ಕೆ ಬೊಗಳೋದು ಬಿಟ್ರೆ ಬೇರೆ ಕೆಲಸ ಇಲ್ವಾ?"

"ಇದೆ. ಕಚ್ಚೋದು. ಹತ್ರ ಬಾ, ತೋರಿಸ್ತೀನಿ."

ಇಲ್ಲಿಗೇ ನಿಂತಿದ್ದರೆ ಆಗುತ್ತಿತ್ತು. ಆದರೆ ಇನ್ನೊಂದು ದಿನ, ನಲ್ಲಿಯ ಹತ್ತಿರ ಮಾತಿಗೆ ಮಾತು ಬೆಳೆದಾಗ, ಗಾರ್ಲಂಡ್ ಬಕೆಟ್ಟು ಎತ್ತಿಕೊಳ್ಳುತ್ತಾ ಒಂದು ಮಾತು ಎಸೆದ. "ನಿನ್ನ ಗಂಡ ಆಸ್ಪತ್ರೆಲಿ ಯಾಕೆ ಮಲ್ಗಿದಾನೆ ಅಂತ ಈಗ ಗೊತ್ತಾಯ್ತು ನೋಡು. ಅಲ್ಲಾದ್ರೂ ಸ್ವಲ್ಪ ನಿಶ್ಶಬ್ದ ಇರತ್ತೆ."

ಆ ಮಾತನ್ನು ಅವಳು ಮರೆಯಲಿಲ್ಲ. ಮರೆಯುವಂಥ ಮಾತೂ ಅಲ್ಲ ಅದು.

ಅವಳ ಗಂಡ ಮರ್ಲ್‌ಗೆ ಸೆಪ್ಟೆಂಬರ್ ಮೊದಲ ವಾರ, ನೆಬ್ರಾಸ್ಕಾದ ಹೆದ್ದಾರಿಯಲ್ಲಿ ಗಾಡಿ ಓಡಿಸುತ್ತಿದ್ದಾಗಲೇ ಲಕ್ವ ಹೊಡೆದಿತ್ತು. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಒರಗಿಬಿಟ್ಟ. ಅವನನ್ನು ಈ ಊರಿನ ಆಸ್ಪತ್ರೆಗೆ ಸೇರಿಸಿದರು. ಮನೆಗಾಡಿಯನ್ನು ಯಾರೋ ಪುಣ್ಯಾತ್ಮ ಇಲ್ಲಿಗೆ ತಂದು ನಿಲ್ಲಿಸಿಕೊಟ್ಟ. ಬಿಡಾರದಿಂದ ಆಸ್ಪತ್ರೆಗೆ ಎಂಟು ನಿಮಿಷದ ನಡಿಗೆ. ಮೂರು ಹೊತ್ತೂ ಚಮಚ ಇವಳೇ ಹಿಡಿಯಬೇಕು. ನರ್ಸು ಹಿಡಿದರೆ ಮರ್ಲ್ ತುಟಿ ಬಿಗಿದುಕೊಂಡು ಗೋಡೆಯ ಕಡೆ ತಿರುಗುತ್ತಿದ್ದ. ಇನ್ನು ಒಂಬತ್ತು ಹತ್ತು ದಿನ ಹೀಗೇ ತಿಂದರೆ ಕಳಿಸಿಕೊಡುತ್ತೇವೆ, ತಿನ್ನದಿದ್ದರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದಿದ್ದರು ಡಾಕ್ಟರು.

ಆದರೆ ಪುರಸಭೆಯ ಕಾಯಿದೆ ಹದಿನಾಲ್ಕೇ ರಾತ್ರಿ. ಹದಿನೈದನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಜಾಗ ಖಾಲಿ ಮಾಡಬೇಕು. ಪ್ರತಿ ಜಾಗದ ಮುಂದೆ ಒಂದು ಕಂಬ, ಕಂಬಕ್ಕೆ ಒಂದು ಕ್ಲಿಪ್ಪು, ಕ್ಲಿಪ್ಪಿನಲ್ಲಿ ಹೊರಡುವ ತಾರೀಕು ಬರೆದ ಚೀಟಿ. ಮುಂದಿನ ಬಿಡಾರ ಇರುವುದು ಅರವತ್ತು ಮೈಲಿ ಆಚೆ. ಆ ಇಪ್ಪತ್ತೊಂಬತ್ತು ಅಡಿಯ ಗಾಡಿಯನ್ನು ಆರ್ಡಿತ್ ಒಮ್ಮೆಯೂ ಓಡಿಸಿದವಳಲ್ಲ. ಅದನ್ನು ಯಾರ ಮುಂದೆಯೂ ಹೇಳಿಕೊಳ್ಳುವವಳೂ ಅಲ್ಲ. ಬಿಡಾರದ ಉಸ್ತುವಾರಿ ವೆಂಡೆಲ್‌ನ ಹತ್ತಿರ ಎರಡು ಸಲ ಬೇಡಿದ್ದಳು.

"ನಂಗೆ ಮುಖ ಕಾಣ್ಸಲ್ಲಮ್ಮ, ಕಂಬ ಕಾಣ್ಸತ್ತೆ," ಎಂದಿದ್ದ ವೆಂಡೆಲ್. "ಚೀಟಿಲಿ ದಿನ ಇದ್ರೆ ಇರು. ಇಲ್ದಿದ್ರೆ ಹೊರಡು."

ಅಂದಿನಿಂದ ಅವಳು ಆ ಕಂಬದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಹದಿನೈದನೆಯ ದಿನ ಮರ್ಲ್‌ಗೆ ಬೆಳಗಿನ ಗಂಜಿ ತಿನ್ನಿಸಿ ಒಂಬತ್ತಕ್ಕೆ ವಾಪಸು ಬಂದಾಗ, ಗಾರ್ಲಂಡ್ ಟ್ರೇಲರನ್ನು ಪಿಕಪ್ಪಿಗೆ ಕಟ್ಟುತ್ತಿದ್ದ. ಉತ್ತರದಲ್ಲಿ ಸಕ್ಕರೆ ಬೀಟ್ ಗೆಡ್ಡೆ ಕೊಯ್ಲಿನ ಕೆಲಸ ಸಿಕ್ಕಿತ್ತಂತೆ. ಅವನಿಗೆ ಇನ್ನೂ ಹತ್ತು ದಿನ ಬಾಕಿ ಇದ್ದವು. ಇರಬೇಕಾದವಳಿಗೆ ದಿನವಿಲ್ಲ, ದಿನವಿದ್ದವನು ಬಿಸಾಡಿ ಹೋಗುತ್ತಿದ್ದಾನೆ.

"ಏ, ಏಳನೇ ನಂಬರು! ಒಂದ್ಸಲ ನೋಡ್ತೀಯಾ?" ಎಂದು ಗಾರ್ಲಂಡ್ ಕೂಗಿದ.

ಈ ಗಾಡಿಯ ಜನರಲ್ಲಿ ಇದೊಂದು ಕಟ್ಟುಪಾಡು. ಹೊರಡುವವನು ಎಲ್ಲ ಕಳಚಿ, ಕಟ್ಟಿ ಮುಗಿಸಿದ ಮೇಲೆ ಪಕ್ಕದವರನ್ನು ಕರೆಯಬೇಕು. ಪಕ್ಕದವರು ಸುತ್ತು ಹಾಕಿ ನೋಡಿ, ಸರಿಯಿದ್ದರೆ ಹೆಬ್ಬೆರಳು ಎತ್ತಬೇಕು. ತನ್ನ ತಪ್ಪು ತನ್ನ ಕಣ್ಣಿಗೆ ಕಾಣುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಎಂಥ ಹಗೆಯೇ ಇರಲಿ, ಇದೊಂದಕ್ಕೆ ಇಲ್ಲ ಎನ್ನುವಂತಿಲ್ಲ.

ಆರ್ಡಿತ್ ಸುತ್ತು ಹಾಕಿದಳು. ದೀಪ ಸರಿ, ಮೆಟ್ಟಿಲು ಸರಿ, ಕೊಳವೆ ಕಳಚಿದೆ. ಪಿಕಪ್ಪಿನ ಹಿಂಬದಿಗೆ ಬಂದಾಗ ಅವಳ ಕಾಲು ನಿಂತಿತು. ಪಿಕಪ್ಪಿನ ತೊಟ್ಟಿಯಲ್ಲಿ ಟ್ರೇಲರಿನ ಮೂತಿಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆಯ ಹಿಡಿಕೆ ಪೂರ್ತಿ ಒಳಗೆ ಹೋಗಿರಲಿಲ್ಲ. ಎರಡು ಬೆರಳಷ್ಟು ಹೊರಗೇ ಇತ್ತು. ದವಡೆ ಮುಚ್ಚಿರಲಿಲ್ಲ ಎಂದು ಅರ್ಥ. ಹನ್ನೊಂದು ವರ್ಷ ಮರ್ಲ್ ಅವಳಿಗೆ ವಹಿಸಿದ್ದ ಕೆಲಸವೇ ಆ ಹಿಡಿಕೆಯನ್ನು ನೋಡುವುದು.

ಬಿಡಾರಕ್ಕೆ ಇದ್ದದ್ದು ಒಂದೇ ಗೇಟು, ಅದೂ ಪ್ರವಾಹ ತಡೆಯುವ ಏರಿಯ ಮೇಲೆ. ಆ ಏರು ಹತ್ತುವಾಗ ಟ್ರೇಲರು ಜಾರಿ ಬೀಳುವುದು ಖಂಡಿತ. ಬಿದ್ದರೆ ಗೇಟು ಬಂದ್. ಗೇಟು ಬಂದಾದರೆ ಯಾರೂ ಹೊರಡುವ ಹಾಗಿಲ್ಲ. ವೆಂಡೆಲ್ ತಲೆಕೆಳಗಾಗಿ ನಿಂತರೂ ಈವತ್ತು ತನ್ನನ್ನು ಓಡಿಸಲಾರ. ಬಹುಶಃ ನಾಳೆಯೂ ಓಡಿಸಲಾರ. ಮರ್ಲ್‌ಗೆ ಐದು ಊಟ ಆಯಿತಲ್ಲ. ಅವಳು ಯೋಚಿಸಿದ್ದು ಇಷ್ಟೇ. ಸುಳ್ಳೇಕೆ, ನಲ್ಲಿಯ ಹತ್ತಿರ ಅವನು ಆಡಿದ ಮಾತನ್ನೂ ನೆನೆದಳು.

ಪಿಕಪ್ಪಿನ ಮುಂದೆ ಬಂದು ಹೆಬ್ಬೆರಳು ಎತ್ತಿದಳು.

"ಸರಿ ಹಾಗಾದ್ರೆ. ನಿನ್ನ ಮುಖ ನೋಡೋದು ಇಲ್ಲಿಗೆ ತಪ್ತು," ಎಂದ ಗಾರ್ಲಂಡ್.

"ನಂಗೂ ಹಬ್ಬಾನೇ, ಹೋಗು."

ಏರು ಹತ್ತಿ ಪಿಕಪ್ಪು ಗೇಟು ದಾಟುವಷ್ಟರಲ್ಲಿ ಕಬ್ಬಿಣ ಕಿರುಚಿತು. ಟ್ರೇಲರು ಹಿಂದಕ್ಕೆ ಜಾರಿ, ಪಿಕಪ್ಪಿನ ತೊಟ್ಟಿಯ ಎರಡೂ ಪಕ್ಕಗಳನ್ನು ಜಜ್ಜಿ, ಗೇಟಿನಲ್ಲಿ ಮೂತಿಯೂರಿ ಕೂತಿತು. ಆರ್ಡಿತ್‌ಳ ನಾಯಿ ಊರೆಲ್ಲ ಕೇಳುವಂತೆ ಬೊಗಳಿತು. ಬಿಡಾರದವರೆಲ್ಲ ಏರಿಯ ಕಡೆ ಓಡಿದರು. ಗಾರ್ಲಂಡ್ ಗಾಯವಿಲ್ಲದೆ ಇಳಿದದ್ದನ್ನು ಅವಳು ದೂರದಿಂದಲೇ ನೋಡಿದಳು. ಅಷ್ಟರ ಮಟ್ಟಿಗೆ ನೆಮ್ಮದಿಯಾಯಿತು.

ವೆಂಡೆಲ್ ಏದುಸಿರು ಬಿಡುತ್ತಾ ಇಳಿದು ಬಂದ. ಅವನು ಬಾಯಿ ತೆಗೆಯುವ ಮೊದಲೇ ಅವಳು ಶುರುಮಾಡಿದಳು. "ಈಗ ಹೇಳಪ್ಪಾ, ಹನ್ನೆರಡಕ್ಕೆ ಯಾವ ದಾರೀಲಿ ಹೋಗ್ಲಿ? ಹಾರ್ಕೊಂಡು ಹೋಗ್ಲಾ?"

"ನಿನ್ನ ಯಾರು ಹೋಗು ಅಂದ್ರು?"

"ನೀನೇ ಅಂದ್ಯಲ್ಲ!"

"ಕಂಬ ನೋಡಮ್ಮ. ಬೆಳಿಗ್ಗೆ ನೀನು ಆಸ್ಪತ್ರೆಲಿದ್ದಾಗ ಗಾರ್ಲಂಡ್ ಬಂದಿದ್ದ. 'ನಾನು ಹೊರಟೆ, ನನ್ನ ಹತ್ತು ದಿನ ಆ ಗಯ್ಯಾಳಿ ಹೆಸ್ರಿಗೆ ಮಾಡು, ಅವಳ ಗಂಡ ಉಣ್ಣಲ್ವಂತೆ' ಅಂದ. ನಾನೇ ಸಹಿ ಹಾಕಿ ಕೊಟ್ಟೆ. ಅವನೇ ಸಿಕ್ಸಿ ಹೋದ. ನೋಡ್ಲಿಲ್ವಾ?"

ಅವಳು ತಿರುಗಿ ನೋಡಿದಳು. ಕ್ಲಿಪ್ಪಿನಲ್ಲಿ ಚೀಟಿ ಇತ್ತು. ಎಂಟು ಎಂಬುದನ್ನು ಹೊಡೆದುಹಾಕಿ ಏಳು ಎಂದು ತಿದ್ದಿತ್ತು; ತಾರೀಕು ಹತ್ತು ದಿನ ಆಚೆಯದು. ಆರ್ಡಿತ್‌ಗೆ ತನ್ನ ಬಾಯಿಗೆ ತಾನೇ ಮಣ್ಣು ಹಾಕಿಕೊಂಡ ಹಾಗಾಯಿತು.

ಆಗ ಗಾರ್ಲಂಡ್ ಬಂದ. ಅವನು ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಉತ್ತರ ಗೊತ್ತಿತ್ತು.

"ಹನ್ನೊಂದು ವರ್ಷ ಇಂಥದ್ದನ್ನೇ ಕಟ್ಟಿದೋಳು ನೀನು. ನೀನೇ ಹೇಳಿದ್ದೆ," ಎಂದ. "ಹಿಡಿಕೆ ಹೊರಗಿದ್ದದ್ದು ನೋಡ್ದೆ ತಾನೇ?"

ಅವಳು ಬಗ್ಗಿ ನಾಯಿಯ ಕೊರಳಪಟ್ಟಿ ಹಿಡಿದುಕೊಂಡಳು.

ಗಾರ್ಲಂಡ್ ಕಂಬದ ಹತ್ತಿರ ಹೋಗಿ ಚೀಟಿ ಕಿತ್ತುಕೊಂಡ. "ವೆಂಡೆಲ್, ನನ್ನ ಗಾಡಿ ಮುರೀತು, ಕೆಲಸ ಹೋಯ್ತು. ನಾನಿನ್ನು ಎಲ್ಲೂ ಹೋಗಲ್ಲ. ಈ ದಿನ ನನ್ನವು."

ವೆಂಡೆಲ್ ಇಬ್ಬರನ್ನೂ ನೋಡಿದ. ಆಮೇಲೆ ಬರಿದಾದ ಕಂಬವನ್ನು ನೋಡಿದ. "ಪುರಸಭೆ ಕ್ರೇನು ಬರ್ತಾ ಇದೆ. ಹನ್ನೊಂದಕ್ಕೆ ಗೇಟು ಬಿಡತ್ತೆ," ಎಂದ. "ಹನ್ನೆರಡಕ್ಕೆ ಹೊರಡಮ್ಮ."

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಆರ್ಡಿತ್ ಎಲ್ಲ ಕಳಚಿ ಮುಗಿಸಿದ್ದಳು. ಸುತ್ತ ಯಾರೂ ಇರಲಿಲ್ಲ; ಗೇಟು ತೆರವಾಗಿದ್ದರೂ ಎಲ್ಲರೂ ಇನ್ನೂ ಕ್ರೇನಿನ ಹತ್ತಿರವೇ ಇದ್ದರು. ಗಾರ್ಲಂಡ್ ಮಾತ್ರ ಎಂಟನೆಯ ಜಾಗದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದ. ಅವಳಿಗೆ ಬೇರೆ ದಾರಿ ಇರಲಿಲ್ಲ.

"ಒಂದ್ಸಲ ನೋಡ್ತೀಯಾ?"

"ಕೇಳಿದ್ಮೇಲೆ ಇಲ್ಲ ಅನ್ನೋ ಹಾಗಿಲ್ವಲ್ಲ," ಎಂದು ಅವನು ಎದ್ದ.

ನಿಧಾನವಾಗಿ ಸುತ್ತು ಹಾಕಿದ. ಒಂದೊಂದು ಗಾಲಿಯ ಹತ್ತಿರವೂ ಬಗ್ಗಿದ. ಹಿಂಬದಿಯಲ್ಲಿ ಬಹಳ ಹೊತ್ತು ನಿಂತ. ಆಮೇಲೆ ಗಾಡಿಯ ಮುಂದೆ ಬಂದು, ಅವಳ ಕಣ್ಣನ್ನೇ ನೋಡುತ್ತಾ ಹೆಬ್ಬೆರಳು ಎತ್ತಿದ.

ಆರ್ಡಿತ್‌ಗೆ ಸ್ಟೀರಿಂಗಿನ ಹಿಂದೆ ಕೂತರೂ ಬ್ರೇಕಿನ ಮೇಲಿನ ಕಾಲು ತೆಗೆಯಲಾಗಲಿಲ್ಲ; ಬೆಳಿಗ್ಗೆ ತಾನು ಎತ್ತಿದ್ದೂ ಇಂಥದ್ದೇ ಹೆಬ್ಬೆರಳು. ಇಳಿದು ತಾನೇ ನೋಡಿದಳು. ಎಲ್ಲ ಸರಿಯಿತ್ತು. ಮತ್ತೆ ಹತ್ತಿದಳು. ಅವನು ಹೆಬ್ಬೆರಳು ಇಳಿಸಿರಲಿಲ್ಲ. ಮತ್ತೆ ಇಳಿದಳು. ಹೊಳೆಯಾಚೆ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಆಸ್ಪತ್ರೆಯಲ್ಲಿ ಊಟದ ತಟ್ಟೆ ಬರುವ ಹೊತ್ತು ಅದು.