ಓಟ ಹೇಳಿದ ತೂಕ

"ಇನ್ನೊಂದ್ಸಲ ಲೆಕ್ಕ ಹಾಕು," ಎಂದ ಅಣ್ಣ. ಎದುರಿಗೆ ಕುರ್ಚಿಯಿದ್ದರೂ ಕುಳಿತಿರಲಿಲ್ಲ.

"ಹಾಕಿದೆ. ಇನ್ನೊಬ್ಬರ ಕೈಲೂ ಹಾಕಿಸಿದೆ. ಉತ್ತರ ಬದಲಾಗ್ತಿಲ್ಲ ಅಣ್ಣಾ," ಎಂದಳು ತನಿಖಾ ಎಂಜಿನಿಯರ್ ತಂಗಿ.

ಪರದೆಯ ಮೇಲೆ ಎರಡು ಗೆರೆಗಳಿದ್ದವು. ಕಂಬಳಿ ಹೊತ್ತ ಸರಕು ವಿಮಾನ ದಾಖಲೆಯಲ್ಲಿದ್ದ ತೂಕದ್ದೇ ಆಗಿದ್ದರೆ ರನ್‌ವೇಯಲ್ಲಿ ಹೇಗೆ ವೇಗ ಪಡೆಯಬೇಕಿತ್ತೆಂದು ಮೇಲಿನ ಗೆರೆ ತೋರಿಸುತ್ತಿತ್ತು; ನಿಜಕ್ಕೂ ಹೇಗೆ ಓಡಿತೆಂದು ಕೆಳಗಿನದು. ಎಂಜಿನ್‌ಗಳು ಪೂರ್ತಿ ಬಲದಿಂದ ತಳ್ಳಿದ್ದವು. ಬ್ರೇಕ್ ಹಿಡಿದಿರಲಿಲ್ಲ, ಗಾಳಿಯೂ ಅಡ್ಡ ಬಂದಿರಲಿಲ್ಲ. ಆದರೂ ವಿಮಾನ ಕಾಲೆಳೆಯುತ್ತ ಓಡಿ, ಮೇಲೇಳಲಾರದೆ ಬೇಲಿಯಾಚೆಯ ಹಳ್ಳಕ್ಕೆ ಬಿದ್ದಿತ್ತು. ಅಷ್ಟು ಬಲಕ್ಕೆ ಇಷ್ಟೇ ವೇಗವೆಂದರೆ ಹೊರೆ ಮೂರು ಟನ್ ಹೆಚ್ಚಿರಲೇಬೇಕು.

ಕ್ಯಾಪ್ಟನ್ ಬದುಕುಳಿದಿರಲಿಲ್ಲ. ವಿಮಾನದ ಮೂತಿ ಎತ್ತಲು ತಡಮಾಡಿದನೆಂದು ಎಲ್ಲರೂ ತಪ್ಪನ್ನು ಅವನ ತಲೆಗೇ ಕಟ್ಟಿದ್ದರು. ವರದಿಗಾಗಿ ಅವನ ಹೆಂಡತಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು. ಅಂದು ಸರಕು ತುಂಬಿಸಿದ ಮೇಸ್ತ್ರಿಯಾದ ಅಣ್ಣ ಇಲ್ಲಿ, ತಂಗಿಯ ಮೇಜಿನೆದುರು ನಿಂತಿದ್ದ.

"ಪುಟ್ಟೀ, ಮುಂದೆ ನಿಂತು ತೂಗಿಸಿದ್ದೀನಿ. ಒಂದು ಕಂಬಳಿ ಹೆಚ್ಚಿಗೆ ಹತ್ತಿಲ್ಲ."

"ನೀನು ಸುಳ್ಳು ಹೇಳ್ತಿದ್ದೀಯ ಅಂತ ನಾನಂದ್ನಾ?"

"ಮತ್ತೆ? ಮೂರು ಟನ್ ಅಂದ್ರೆ ಒಂದು ಆನೆ ಕಣೇ! ಆನೆ ಹತ್ತಿದ್ದು ನನ್ನ ಕಣ್ಣಿಗೆ ಬೀಳ್ಲಿಲ್ವಾ? ಇಲ್ಲಾ, ತೂಗಿದ ಮೇಲೆ ಕಂಬಳಿಗಳೇ ನೀರು ಕುಡಿದು..."

ಅಣಕ ಅಲ್ಲಿಗೇ ನಿಂತಿತು. ಅವನು ನಿಧಾನವಾಗಿ ಕುರ್ಚಿಯಲ್ಲಿ ಕುಸಿದ.

ತೂಕವಾದದ್ದು ಗೋದಾಮಿನೊಳಗೆ. ವಿಮಾನ ಬರುವುದು ತಡವಾಗಿ ಮೂಟೆಗಳು ಬಯಲಿನಲ್ಲೇ ಉಳಿದಿದ್ದವು. ರಾತ್ರಿಯಿಡೀ ಮಳೆ. ಒಮ್ಮೆ ತೂಗಿದ್ದನ್ನು ಮತ್ತೆ ತೂಗುವ ರೂಢಿ ಅಲ್ಲಿ ಯಾರಿಗೂ ಇರಲಿಲ್ಲ.

"ಟಾರ್ಪಾಲು?" ತಂಗಿ ಕೇಳಿದಳು.

"ಅರ್ಧಕ್ಕೆ ಸಾಲ್ತು." ಅವನ ದನಿ ಇಳಿದಿತ್ತು. "ಹಮಾಲರು ಅಂದ್ರು ಕಣೇ, ಯಾಕೋ ಭಾರ ಅಂತ. 'ತಿಂದಿದ್ದು ಸಾಲ್ಲಿಲ್ವೇನ್ರೋ' ಅಂತ ನಾನೇ ಗದರಿಸ್ದೆ."

ಅಣ್ಣ ಪರದೆಯ ಮೇಲಿನ ಗೆರೆಗಳತ್ತ ನೋಡಿದ.

"ಇದನ್ನ ಬರೀತೀಯಾ?"

"ತೂಕ ಬರೀತೀನಿ. ಮಳೆ ವಿಷಯ ನೀನೇ ಹೇಳ್ಬೇಕು."

"ಹೇಳದಿದ್ರೆ?"

"ನನ್ನ ಲೆಕ್ಕ ತಪ್ಪು ಅಂತಾರೆ. ಅಪವಾದ ಸತ್ತವರ ಮೇಲೇ ಉಳಿಯುತ್ತೆ."

ಅಣ್ಣ ಎದ್ದ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಬಾಗಿಲು ತೆರೆದ. ಅವನು ಎಡಕ್ಕೆ ತಿರುಗಿ ಮೆಟ್ಟಿಲಿಳಿಯುತ್ತಾನೋ, ಬಲಕ್ಕೆ ಬೆಂಚಿನತ್ತ ಹೋಗುತ್ತಾನೋ ಎಂದು ಅವಳು ಗಾಜಿನಾಚೆ ನೋಡಿದಳು.

ಬೆಂಚಿನ ಮುಂದೆ ಯಾರೋ ಬಂದು ನಿಂತದ್ದನ್ನು ಕಂಡು ಕ್ಯಾಪ್ಟನ್ನನ ಹೆಂಡತಿ ತಲೆಯೆತ್ತಿದಳು. ಗುರುತಿಲ್ಲದ ಆ ಮನುಷ್ಯ ಕೂರಲೆಂದು ಪಕ್ಕದಲ್ಲಿದ್ದ ಕೈಚೀಲವನ್ನೆತ್ತಿ ಮಡಿಲಲ್ಲಿಟ್ಟುಕೊಂಡಳು.