ಮೂವತ್ತು ಅಡಿ ಆಚೆಯ ಗೂಡು

ನನ್ನ ನಾದಿನಿಯ ಗೂಡು ಪಕ್ಕದ ಮನೆಯ ಹತ್ತಿರ ಹೋದದ್ದಲ್ಲ. ಪಕ್ಕದ ಮನೆಯೇ ಗೂಡಿನ ಹತ್ತಿರ ಬಂದದ್ದು. ಹಳೆಯ ಮಂಚದ ಹಲಗೆಗಳಿಂದ ಅವಳೇ ಕಟ್ಟಿದ ಗೂಡು ಅದು. ಕೆಳಗೆ ಕೋಳಿ, ಮೇಲೆ ಪಾರಿವಾಳ. ಗಂಡ ಹೋದ ಮೇಲೆ ನಮ್ಮಲ್ಲಿಗೆ ಬಂದವಳು, ಬೆಳಿಗ್ಗೆ ಎದ್ದು ಮೊದಲ ಮಾತು ಆಡುವುದು ಆ ಹಕ್ಕಿಗಳ ಜೊತೆಗೇ. ಕಳೆದ ವರ್ಷ ಪಕ್ಕದ ಮನೆಯ ಕಂಟ್ರಾಕ್ಟರ್ ಹಿಂದಿನ ಗೋಡೆ ಒಡೆಸಿ, ತನ್ನ ಹಿತ್ತಲನ್ನು ನುಂಗಿ ಹೊಸ ಕೋಣೆ ಕಟ್ಟಿಸಿದ. ನಮ್ಮ ಕಡೆಗೇ ದೊಡ್ಡ ಕಿಟಕಿ ಇಡಿಸಿದ. ಬಣ್ಣ ಒಣಗುವ ಮೊದಲೇ ಗೂಡಿನ ಮೇಲೆ ದೂರು ಕೊಟ್ಟ.

ಪುರಸಭೆಯ ನಿರೀಕ್ಷಕ ಟೇಪು ಹಿಡಿದು ಬಂದ. "ನೆರೆಯವರ ಕಿಟಕಿಯಿಂದ ಮೂವತ್ತು ಅಡಿ ದೂರ ಇರ್ಬೇಕು ಅಮ್ಮ. ಇಲ್ಲಿ ಇಪ್ಪತ್ತೂ ಇಲ್ಲ."

"ಗೂಡು ಮೊದಲಿಂದ ಇದೆಯಪ್ಪ. ಕಿಟಕಿ ಮೊನ್ನೆ ಬಂದಿದ್ದು," ಎಂದೆ.

"ಯಾವುದು ಯಾವಾಗ ಬಂತು ಅಂತ ನಿಯಮ ಕೇಳಲ್ಲ."

"ಆ ಗೋಡೆಗೆ ಪರವಾನಗಿ ಇದೆಯಾ ಅಂತಾದ್ರೂ ಕೇಳುತ್ತಾ?"

"ಅದು ಬೇರೆ ವಿಭಾಗ."

ನನಗೆ ಮೈಯೆಲ್ಲ ಉರಿಯಿತು. ಆದರೂ ಒಂದು ಮಾತು ಹೇಳಬೇಕು: ಕಾವಿಗೆ ಕೂತಿದ್ದ ಕೋಳಿ ಬೆದರಬಾರದೆಂದು ಅವನು ಸುತ್ತು ಹಾಕಿಕೊಂಡು ಹೋಗಿ ಟೇಪು ಎಳೆದ.

ಎಲ್ಲ ನೆರೆಯವರ ಕಿಟಕಿಗಳಿಂದ ಅಷ್ಟು ದೂರವಿದ್ದದ್ದು ಒಂದೇ ಜಾಗ, ನಾದಿನಿ ಮಲಗುವ ಕೋಣೆಯ ಕಿಟಕಿಯ ಬುಡ.

"ನಮ್ಮ ಮೂಗು ಮೂಗಲ್ವಾ?" ಎಂದು ಕೇಳಿದೆ.

"ಸಾಕೋರ ಸ್ವಂತ ಕಿಟಕಿ ಲೆಕ್ಕಕ್ಕಿಲ್ಲಮ್ಮ. ಇನ್ನೊಂದು ದೂರು ಬಂದ್ರೆ ಮಾತ್ರ ಹಕ್ಕಿಗಳನ್ನೇ ಎತ್ಕೊಂಡು ಹೋಗ್ಬೇಕಾಗುತ್ತೆ."

ಅವನು ಹೋದ ಮೇಲೆ ನಾದಿನಿ ನಿಧಾನವಾಗಿ ಹೇಳಿದಳು, "ಕೋಳಿ ಹೇಗೋ ಬರ್ತವೆ. ಪಾರಿವಾಳಕ್ಕೆ ಯಾರು ತಿಳಿಸಿ ಹೇಳ್ತಾರೆ, ಅತ್ತಿಗೆ?"

ಅವಳು ಹೇಳಿದ ಹಾಗೇ ಆಯಿತು. ಪಾರಿವಾಳ ನೆನಪಿಟ್ಟುಕೊಳ್ಳುವುದು ಗೂಡನ್ನಲ್ಲ, ಜಾಗವನ್ನು. ಗೂಡು ಸರಿಸಿದ ಮೇಲೆ ಅವು ಹಳೆಯ ಜಾಗದ ಮೇಲೇ ಸುತ್ತಿ ಸುತ್ತಿ, ಇಳಿಯಲು ಏನೂ ಕಾಣದೆ, ಹತ್ತಿರದ ಕಂಟ್ರಾಕ್ಟರನ ಹೊಸ ಕಿಟಕಿಯ ಮೇಲೆ ಕೂತವು. ಅವಳು ಕರೆದರೂ ಬರಲಿಲ್ಲ. ವಾರ ಕಳೆಯುವುದರೊಳಗೆ ಎರಡನೇ ದೂರು ಹೋಯಿತು.

ಈ ಸಲ ನಿರೀಕ್ಷಕ ಪಂಜರ ತಂದಿದ್ದ. ಪಾರಿವಾಳಗಳನ್ನು ಒಳಗಿನಿಂದ ಹಿಡಿಯುವುದು ಸುಲಭವೆಂದು ಕಂಟ್ರಾಕ್ಟರ್ ಅವನನ್ನು ತನ್ನ ಮನೆಯೊಳಗೆ ಕರೆದೊಯ್ದ. ಯಾರೂ ಕರೆಯದಿದ್ದರೂ ನಾನು ಹಿಂದೆಯೇ ಹೋದೆ. ನಾದಿನಿ ಬರಲಿಲ್ಲ, ಹೊರಗೆ, ಕಿಟಕಿಯ ಆ ಕಡೆ, ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು.

ಹೊಸ ಕೋಣೆಯಲ್ಲಿ, ಕಿಟಕಿಗೆ ತಾಗಿಸಿದ ಮಂಚದ ಮೇಲೆ, ಕಂಟ್ರಾಕ್ಟರನ ತಾಯಿ ಮಲಗಿದ್ದರು. ಸೊಂಟದ ಮೂಳೆ ಮುರಿದ ಮೇಲೆ ಅವರು ಎದ್ದಿರಲಿಲ್ಲ. ಕಿಟಕಿಯ ಹಲಗೆಯ ಮೇಲೆ ಅನ್ನದ ಅಗುಳು.

"ಯಾರಮ್ಮ ಇದನ್ನ ಹಾಕಿದ್ದು?" ನಿರೀಕ್ಷಕ ಕೇಳಿದ.

"ನಾನೇ. ಊಟದಲ್ಲಿ ಒಂದು ಹಿಡಿ ಉಳಿಸ್ಕೋತೀನಿ. ಇವನು ಬೆಳಿಗ್ಗೆ ಹೋದ್ರೆ ಈ ಕೋಣೆಗೆ ಇನ್ಯಾರಪ್ಪ ಬರ್ತಾರೆ?"

ಕಂಟ್ರಾಕ್ಟರ್ ಗೋಡೆ ನೋಡಿದ. ನಿರೀಕ್ಷಕ ಪಂಜರವನ್ನು ಕೆಳಗಿಟ್ಟ.

"ಊಟ ಹಾಕೋರೇ ಸಾಕೋರು ಅಂತ ನಿಯಮ ಸಾರ್. ಇವು ನಿಮ್ಮನೆ ಹಕ್ಕಿ. ಸ್ವಂತ ಕಿಟಕಿ ಲೆಕ್ಕಕ್ಕಿಲ್ಲ."

"ಹಾಗಾದ್ರೆ ಇವರ ಅಡುಗೆಮನೆ ಕಿಟಕಿ ಮೂವತ್ತು ಅಡಿ ಒಳಗೇ ಇದೆಯಲ್ರೀ, ಅಳೀರಿ ಅದನ್ನ," ಎಂದ ಕಂಟ್ರಾಕ್ಟರ್.

"ಅವರು ದೂರು ಕೊಟ್ರೆ ಅಳೀತೀನಿ."

ಎಲ್ಲರೂ ಕಿಟಕಿಯ ಕಡೆ ತಿರುಗಿದೆವು.

"ನಾನ್ಯಾಕೆ ಕೊಡ್ಲಿ?" ಎಂದಳು ನಾದಿನಿ. "ಅಕ್ಕಪಕ್ಕದವರು ಅಂದ್ಮೇಲೆ ಒಂಚೂರು ಹೊಂದ್ಕೊಂಡು ಹೋಗ್ಬೇಕು."

ಮುದುಕಮ್ಮ ಹೊದಿಕೆಯ ಮರೆಯಲ್ಲಿ ನಕ್ಕದ್ದು ನನಗೆ ಕಂಡಿತು. ನಿರೀಕ್ಷಕ ಖಾಲಿ ಪಂಜರ ಎತ್ತಿಕೊಂಡು ಹೊರಟ. ಹೋಗುವಾಗ, ಪಾರಿವಾಳಕ್ಕೆ ಅನ್ನಕ್ಕಿಂತ ಒಣ ಕಾಳು ಒಳ್ಳೆಯದೆಂದು ಆಕೆಗೆ ಹೇಳಿಹೋದ.

ಈಗ ನಾದಿನಿ ಬೆಳಿಗ್ಗೆ ಕಾಳಿನ ಡಬ್ಬಿ ಹಿಡಿದು ಆ ಕಿಟಕಿಗೆ ಹೋಗುತ್ತಾಳೆ. ಅವಳ ಮೊದಲ ಮಾತು ಮುದುಕಮ್ಮನ ಜೊತೆ, ಎರಡನೆಯದು ಪಾರಿವಾಳಗಳ ಜೊತೆ.

ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಕೋಳಿಗಳು ಇನ್ನೂ ಅವಳ ತಲೆದೆಸೆಯಲ್ಲೇ ಇವೆ, ಮುಂದೆ ಬಂದ ಗೋಡೆಗೆ ಇವತ್ತಿಗೂ ಯಾರೂ ಟೇಪು ಹಿಡಿದಿಲ್ಲ. ಆ ಬೇರೆ ವಿಭಾಗ ಎಲ್ಲಿದೆಯೆಂದು ವಿಚಾರಿಸಿದೆ. ಮೂರನೇ ಮಹಡಿಯಂತೆ, ಲಿಫ್ಟ್ ಕೆಟ್ಟಿದೆಯಂತೆ. ಮಂಡಿ ನೋವು ಸ್ವಲ್ಪ ತಗ್ಗಲಿ, ಹತ್ತುತ್ತೇನೆ.